ದೌನ್ನೆ ಏರಿನಲ್ಲಿ ಹತ್ತಿದ ಹಳದಿ ದೀಪ

ನೇಪಾಳಕ್ಕೆ ಹೋಗಿಬಂದವರೆಲ್ಲ ಹಿಮಾಲಯ ನೋಡಿದೆವು ಎನ್ನುತ್ತಾರೆ. ನಾನು ನೋಡಲಿಲ್ಲ. ನಾವಿದ್ದಷ್ಟು ದಿನವೂ ಮೋಡ. ಆ ದೇಶದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಇಂಜಿನ್ನು, ಅದೂ ನಮ್ಮದೇ ಗಾಡಿಯದ್ದು. ಅದರ ವಿಚಾರವನ್ನೇ ಬರೆಯುತ್ತೇನೆ. ದೇವಸ್ಥಾನದ ವಿಚಾರ ಬೇಕಾದವರು ನನ್ನ ಓರಗಿತ್ತಿ ಗೌರಮ್ಮನನ್ನು ಕೇಳಲಿ. ಕೇಳದಿದ್ದರೂ ಹೇಳುತ್ತಾಳೆ.

ಭದ್ರಾವತಿ

ನಮ್ಮದು ಭದ್ರಾವತಿಯಲ್ಲಿ ಲಾರಿ ರಿಪೇರಿ ಶೆಡ್ಡು. ನಮ್ಮ ಯಜಮಾನರು ಇರುವ ತನಕ ಇಂಜಿನ್ ಕೆಲಸ ಅವರದ್ದು, ಮಿಕ್ಕಿದ್ದೆಲ್ಲ ನನ್ನದು. ಗ್ರೀಸ್ ತುಂಬುವುದು, ಸಾಮಾನು ಡೀಸೆಲ್‌ನಲ್ಲಿ ತೊಳೆಯುವುದು, ಗಾಳಿ ಫಿಲ್ಟರ್ ಬಿಚ್ಚಿ ಚೊಕ್ಕ ಮಾಡುವುದು. ನಲವತ್ತು ವರ್ಷ ಮಾಡಿದೆ. ನನಗೆ ಓದು ಅಷ್ಟಕ್ಕಷ್ಟೆ. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಬೇರಿಂಗಿನ ಮೇಲೆ ಕೊರೆದ ನಂಬರು ನೋಡಿ ನೋಡಿ ಕಲಿತದ್ದು.

ಯಜಮಾನರು ಹೋದ ಮೇಲೆ ಶೆಡ್ಡು ಬಾಗಿಲು ಹಾಕಿತು. ಮಗಳು ಶೋಭಾ ಶಿವಮೊಗ್ಗದಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಳೆ. ಕಾರಿನೊಳಗೆ ಸ್ಟೇರಿಂಗ್ ಕೆಳಗೆ ಒಂದು ಮಿಷಿನ್ನಿನ ವೈರು ಸಿಕ್ಕಿಸಿ, ಇಂಜಿನ್ನಿಗೆ ಏನಾಗಿದೆ ಎಂದು ಪರದೆಯ ಮೇಲೆ ಓದುವ ಕೆಲಸ. ಅದಕ್ಕೆ ಸ್ಕ್ಯಾನರ್ ಅನ್ನುತ್ತಾರೆ. ಸೊರಬ, ಸಾಗರದಿಂದಲೂ ಗಾಡಿ ಅವಳ ಹತ್ತಿರ ಬರುತ್ತವೆ. ಆದರೆ ಸ್ಪ್ಯಾನರ್ ಹಿಡಿಯುವ ಗಂಡಸರ ಬಾಯಲ್ಲಿ ಒಂದೇ ಮಾತು: "ಶೋಭಕ್ಕ ಟಿವಿ ನೋಡ್ತಾರೆ, ಇಂಜಿನ್ ನಾವು ಮಾಡ್ತೀವಿ."

ಆ ಮಾತು ಅವಳಿಗೆ ನಾಟಿತು. ಒಂದು ಹಳೇ ಡೀಸೆಲ್ ಗಾಡಿ ಕೊಂಡು ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದಳು. ರಜೆಯ ದಿನಗಳಲ್ಲೆಲ್ಲ ಬಂದು ಇಂಜಿನ್ ಪೂರಾ ಇಳಿಸಿ, ಪಿಸ್ಟನ್ನಿನ ರಿಂಗ್ ಹೊಸದು ಹಾಕಿ, ಮತ್ತೆ ತಾನೇ ಕೂರಿಸಿದಳು. ಪಕ್ಕದಲ್ಲಿ ಕೂತು ನೋಡಿದವಳು ನಾನು. ಅವಳ ಅಪ್ಪನಿಗಿಂತ ನಿಧಾನ. ಅವಳ ಅಪ್ಪನಿಗಿಂತ ಚೊಕ್ಕ.

ಅಷ್ಟರಲ್ಲಿ ನನ್ನ ಮೈದುನ, ಅಂದರೆ ಗೌರಮ್ಮನ ಗಂಡ, ಶೆಡ್ಡನ್ನು ಸಿಮೆಂಟ್ ಗೋದಾಮಿಗೆ ಕೊಡೋಣ ಎಂದು ಮಾತು ತೆಗೆದ. ಶೋಭಾ ಅಂದಳು, "ಈ ಗಾಡಿ ನೇಪಾಳಕ್ಕೆ ಹೋಗಿ ವಾಪಸ್ ಬರಲಿ ಚಿಕ್ಕಪ್ಪ. ಬಂದ್ರೆ ಶೆಡ್ ನಾನು ತೆಗೀತೀನಿ, ಶಿವಮೊಗ್ಗದ ಕೆಲಸ ಬಿಡ್ತೀನಿ. ದಾರೀಲಿ ನನ್ನ ಇಂಜಿನ್ ಕೈಕೊಟ್ರೆ ಶೆಡ್ ಸಿಮೆಂಟಿನವರಿಗೇ ಕೊಡಿ. ನಾನು ಬಾಯಿ ಬಿಡಲ್ಲ."

"ನೇಪಾಳ ಯಾಕಮ್ಮ, ದಾವಣಗೆರೆಗೆ ಹೋಗಿ ಬಾ ಸಾಕು," ಎಂದು ಅವನು ನಕ್ಕ.

ನೇಪಾಳ ಯಾಕೆಂದರೆ ಗೌರಮ್ಮ ಹತ್ತು ವರ್ಷದಿಂದ ಪಶುಪತಿನಾಥನ ಹೆಸರು ಹೇಳಿ ಗಂಡನ ಪ್ರಾಣ ತಿನ್ನುತ್ತಿದ್ದಳು. ಹೀಗಾಗಿ ಅವಳೂ ಬಂದಳು, ಸಾಕ್ಷಿಯಾಗಿ ನಾನೂ ಹೋದೆ.

ಹೊರಡುವ ಬೆಳಿಗ್ಗೆ ಗೌರಮ್ಮ ಗಾಡಿಗೆ ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಶೋಭಾ ಸ್ನಾನಕ್ಕೆ ಹೋಗಿದ್ದಳು. ನಾನು ಬಾನೆಟ್ ಎತ್ತಿ, ಗಾಳಿ ಫಿಲ್ಟರಿನ ಪೆಟ್ಟಿಗೆ ಬಿಚ್ಚಿ, ಫಿಲ್ಟರಿನ ಮಡಿಕೆ ಮಡಿಕೆಗೂ ಹೊಸ ಇಂಜಿನ್ ಎಣ್ಣೆ ಸವರಿ ಮತ್ತೆ ಕೂರಿಸಿದೆ. ಭದ್ರಾವತಿ ಧೂಳು ಅಂದರೆ ಬರೀ ಮಣ್ಣಲ್ಲ, ಕಬ್ಬಿಣ ಬೆರೆತದ್ದು. ಹಳೇ ಲಾರಿಗಳ ಫಿಲ್ಟರಿನಲ್ಲಿ ಎಣ್ಣೆ ಬಟ್ಟಲೇ ಇರುತ್ತಿತ್ತು, ಧೂಳು ಅದರಲ್ಲಿ ಅಂಟಿ ನಿಲ್ಲುತ್ತಿತ್ತು. ಉತ್ತರಕ್ಕೆ ಲೋಡ್ ಹೊತ್ತು ಹೋಗುವ ಲಾರಿ ಒಂದನ್ನೂ ನಾನು ಎಣ್ಣೆ ನೋಡದೆ ಕಳಿಸಿದವಳಲ್ಲ. ಮಗಳ ಗಾಡಿಯನ್ನು ಕಳಿಸುತ್ತೇನೆಯೇ? ಈ ಕೆಲಸ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಲೂ ಇಲ್ಲ.

ಸುನೌಲಿ

ನಾಲ್ಕು ದಿನ ಬಯಲೋ ಬಯಲು. ಗಾಡಿ ಕೆಮ್ಮಲಿಲ್ಲ. ಐದನೇ ದಿನ ಬೆಳಿಗ್ಗೆ ಸುನೌಲಿಗೆ ಬಂದೆವು. ನಮ್ಮ ದೇಶ ಮುಗಿದು ಅವರ ದೇಶ ಶುರುವಾಗುವ ಊರು. ಒಂದು ದೊಡ್ಡ ಬಾಗಿಲು, ಆಚೆ ಈಚೆ ಒಂದೇ ಥರದ ಅಂಗಡಿ, ಒಂದೇ ಥರದ ಕೆಸರು.

"ಇಷ್ಟೇನಾ ಫಾರಿನ್ನು? ನಮ್ಮ ಶಿವಮೊಗ್ಗದ ಗಾಂಧಿ ಬಜಾರೇ ವಾಸಿ," ಅಂದಳು ಗೌರಮ್ಮ. ವಿಮಾನದಿಂದ ಇಳಿದವರ ಹಾಗೆ ಹೊಸ ಸೀರೆ ಉಟ್ಟಿದ್ದಳು.

ಗಾಡಿಗೆ ಕಾಗದ ಮಾಡಿಸುವ ಕಚೇರಿಯಲ್ಲಿ ಒಬ್ಬ ಅಧಿಕಾರಿ ನಮ್ಮ ಮೂವರನ್ನೂ ನೋಡಿದ. ಆಮೇಲೆ ಹೊರಗೆ ಬಂದು ಗಾಡಿಯ ಹಿಂದಿನ ಸೀಟಿನಲ್ಲಿ ಬಗ್ಗಿ ನೋಡಿದ.

"ಡ್ರೈವರ್ ಎಲ್ಲಿ?"

ಶೋಭಾ ಕೀ ಎತ್ತಿ ತೋರಿಸಿದಳು. ಅವನು ಮತ್ತೊಂದು ಸಲ ಹಿಂದಿನ ಸೀಟು ನೋಡಿದ. ಗಂಡಸು ಎಲ್ಲಾದರೂ ಮಲಗಿದ್ದಾನೇನೋ ಎಂದು. ನನಗೆ ಹಿಂದಿ ಸಾಕಷ್ಟು ಬರುತ್ತದೆ. ಕಾರ್ಖಾನೆಯ ಊರಿನಲ್ಲಿ ಎಲ್ಲ ಭಾಷೆಯ ಡ್ರೈವರುಗಳ ಜೊತೆಗೂ ಜಗಳವಾಡಿದ್ದೇನೆ. "ಅಷ್ಟು ಹುಡುಕಬೇಡಪ್ಪ, ಅವಳೇ ಡ್ರೈವರು, ಅವಳೇ ಮೆಕ್ಯಾನಿಕ್ಕು," ಅಂದೆ. ಅವನು ನಗಲಿಲ್ಲ. ಮುದ್ರೆ ಮಾತ್ರ ಜೋರಾಗಿ ಒತ್ತಿದ.

ಆಚೆ ಹೋದ ಮೇಲೆ ಎರಡು ವಿಷಯ ತಿಳಿಯಿತು. ಅವರ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ. ಇಷ್ಟಕ್ಕೆ ಬೇರೆ ಗಡಿಯಾರ ಯಾಕೆ ಎಂದು ಕೇಳಬೇಕೆನಿಸಿತು, ಯಾರನ್ನು ಕೇಳುವುದು. ಇನ್ನೊಂದು, ಹೆಚ್ಚಿನ ಗಾಡಿಗಳ ನಂಬರು ಅವರ ಅಂಕಿಯಲ್ಲೇ ಬರೆದಿತ್ತು. ನನಗೆ ಚೆನ್ನಾಗಿ ಓದಲು ಬರುವುದೇ ಅಂಕಿ. ಅದೂ ಅಲ್ಲಿ ಕೈಬಿಟ್ಟಿತು.

ದೌನ್ನೆ ಏರು

ಮಧ್ಯಾಹ್ನ ಬರ್ದಘಾಟ್ ಎನ್ನುವ ಊರು ದಾಟಿದರೆ ಅಲ್ಲಿಂದ ಏರು. ದೌನ್ನೆ ಬೆಟ್ಟ ಎನ್ನುತ್ತಾರೆ. ರಸ್ತೆ ಅಗೆದು ಹಾಕಿದ್ದರು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಾವು. ಮೂರನೇ ತಿರುವಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಶೋಭಾ ತುಳಿಯುತ್ತಾಳೆ, ಇಂಜಿನ್ ಕೂಗುತ್ತದೆ, ಮುಂದೆ ಹೋಗುವುದಿಲ್ಲ. ಸ್ಟೇರಿಂಗ್ ಎದುರು ಹಳದಿ ದೀಪವೊಂದು ಹತ್ತಿಕೊಂಡಿತು.

"ಏನೇ ಅದು ಶೋಭಾ, ಟೀ ಕೆಟ್ಲಿನ ಚಿತ್ರ ಬಂತು?" ಅಂದಳು ಗೌರಮ್ಮ.

"ಇಂಜಿನ್ ಲೈಟು ಚಿಕ್ಕಮ್ಮ."

"ದೀಪ ಹತ್ತಿದ್ರೆ ಒಳ್ಳೇದೇ ಅಲ್ವಾ?"

"ಇದು ಹತ್ತಬಾರದ ದೀಪ."

ಪಕ್ಕಕ್ಕೆ ನಿಲ್ಲಿಸಿ ಶೋಭಾ ಸ್ಕ್ಯಾನರಿನ ವೈರು ಸಿಕ್ಕಿಸಿದಳು. ಪರದೆಯ ಮೇಲೆ ಬಂದದ್ದನ್ನು ನಾನೇ ಓದಿದೆ. ಪಿ, ಸೊನ್ನೆ, ಒಂದು, ಸೊನ್ನೆ, ಒಂದು. ಪಿ ಅಕ್ಷರ ಪಾರ್ಕಿಂಗ್ ಬೋರ್ಡಿನಿಂದ ಗೊತ್ತು. ಅಂಕಿ ನಮ್ಮ ಶೆಡ್ಡಿನಲ್ಲಿದ್ದಂಥವೇ. ಆ ದೇಶದಲ್ಲಿ ನನಗೆ ಓದಲು ಬಂದದ್ದು ಆ ಮಿಷಿನ್ನಿನ ಬರಹ ಒಂದೇ.

"ಏನಂತೆ?"

"ಇಂಜಿನ್ ಎಷ್ಟು ಗಾಳಿ ಎಳೀತಿದೆ ಅಂತ ಅಳೆಯೋಕೆ ಒಂದು ಸೆನ್ಸರ್ ಇದೆ. ಅದು ಹೇಳೋ ಲೆಕ್ಕ ಹೊಂದ್ತಿಲ್ಲ. ಗಾಳಿ ಕಮ್ಮಿ ಅಂದ್ಕೊಂಡು ಇಂಜಿನ್ ಡೀಸೆಲ್ ಕಮ್ಮಿ ಮಾಡಿದೆ. ಅದಕ್ಕೇ ಎಳೀತಿಲ್ಲ."

"ಹಂಗಾದ್ರೆ ಆ ಸೆನ್ಸರ್ ಬದಲಾಯಿಸು, ಮುಗೀತು."

"ಕೋಡ್ ಬಂತು ಅಂತ ಪಾರ್ಟ್ ಬದಲಾಯಿಸೋದು ಸುಲಭ ಅಮ್ಮ. ಸೆನ್ಸರೇ ಕೆಟ್ಟಿರಬಹುದು, ಗಲೀಜಾಗಿರಬಹುದು, ಪೈಪ್ ಬಿಟ್ಟಿರಬಹುದು. ಇದು ಪೊಲೀಸರಿಗೆ ದೂರು ಕೊಟ್ಟಹಂಗೆ. ಎಲ್ಲಿ ಕಳುವಾಯ್ತು ಅಂತ ಹೇಳುತ್ತೆ. ಕಳ್ಳ ಯಾರು ಅಂತ ಹೇಳಲ್ಲ."

ಮಾತು ಸರಿಯಾಗಿಯೇ ಆಡಿದಳು. ಆದರೆ ಮುಖ ಇಳಿದಿತ್ತು. ಅಲ್ಲಿನ ಪೈಪುಗಳನ್ನೆಲ್ಲ ಬಿಗಿದವಳು ಅವಳೇ. ಗೌರಮ್ಮ ಫೋನ್ ತೆಗೆದಳು.

"ಯಾರಿಗೆ ಮಾಡ್ತಿದೀಯ?" ಅಂದೆ.

"ಅವ್ರಿಗೆ ಒಂದ್ ಮಾತು ತಿಳಿಸ್ತೀನಿ."

"ಇಂಜಿನ್ ಬಿಚ್ಚಿ ನೋಡೋ ತನಕ ಯಾರಿಗೂ ಏನೂ ತಿಳಿಸ್ಬೇಡ. ಒಳಗಿಡು."

ಗಾಡಿ ತಿರುಗಿಸಿ ಇಳಿಜಾರಿನಲ್ಲಿ ನಿಧಾನವಾಗಿ ಬರ್ದಘಾಟಿಗೆ ವಾಪಸ್ ಬಂದೆವು. ಆ ದಿನ ಶುಕ್ರವಾರ.

ಬರ್ದಘಾಟ್, ಶನಿವಾರ

ನೇಪಾಳದಲ್ಲಿ ವಾರದ ರಜೆ ಶನಿವಾರ. ಇದು ನಮಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೋದರೆ ಗ್ಯಾರೇಜು, ಸ್ಪೇರ್ ಅಂಗಡಿ ಎಲ್ಲ ಬಾಗಿಲು. ತೆರೆದಿದ್ದದ್ದು ಊಟದ ಹೋಟೆಲು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆಗೇ ಅನ್ನ, ಬೇಳೆಸಾರು, ಸೊಪ್ಪು ಬಡಿಸುತ್ತಾರೆ. ತಿಂಡಿ ಎನ್ನುವುದೇ ಇಲ್ಲ. ಗೌರಮ್ಮ ದೋಸೆ ಕೇಳಿದಳು. ಅವರು ಇನ್ನೊಂದು ಸಲ ಅನ್ನ ಬಡಿಸಿದರು. ತಟ್ಟೆ ಖಾಲಿಯಾದರೆ ಕೇಳದೆಯೇ ಬಡಿಸುತ್ತಾರೆ. ಆ ವಿಷಯದಲ್ಲಿ ನಮ್ಮ ಮದುವೆ ಮನೆಯವರು ಅವರ ಹತ್ತಿರ ಕಲಿಯಬೇಕು.

ರಸ್ತೆ ಪಕ್ಕದ ಒಂದು ಗ್ಯಾರೇಜಿನ ಹಿಂದೆಯೇ ಅದರ ಯಜಮಾನನ ಮನೆ. ಐವತ್ತರ ಆಸುಪಾಸಿನ ಗಟ್ಟಿ ಆಳು. ಎಲ್ಲರೂ ದಾಯ್ ಎನ್ನುತ್ತಿದ್ದರು, ಅಂದರೆ ಅಣ್ಣ. ಮೈಗೆ ಸಾಸಿವೆ ಎಣ್ಣೆ ತಿಕ್ಕಿಕೊಂಡು ಬಿಸಿಲಿಗೆ ಕೂತಿದ್ದ. ಅವನು ಹಿಂದಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಶನಿವಾರ ನಾನು ಸ್ಪ್ಯಾನರ್ ಮುಟ್ಟೋದಿಲ್ಲ ಆಮಾ. ನಾಳೆ ಬನ್ನಿ," ಅಂದ. ಆಮಾ ಎಂದರೆ ಅಮ್ಮ.

"ನೀನು ಮುಟ್ಟೋದು ಬೇಡ, ಜಾಗ ಕೊಡು ಸಾಕು. ಮುಟ್ಟೋಳು ನನ್ನ ಮಗಳು."

ಜಾಗ ಕೊಟ್ಟ. ಶೋಭಾ ಬಾನೆಟ್ ಎತ್ತಿದಳು. ಅವನು ಮೊದಲು ಕೂತಲ್ಲಿಂದಲೇ ಕತ್ತು ಚಾಚಿದ. ಆಮೇಲೆ ಎದ್ದು ನಿಂತ. ಆಮೇಲೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಇಂಜಿನ್ನಿನ ಹತ್ತಿರವೇ ಬಂದ. "ಮುಟ್ಟಲ್ಲ, ನೋಡ್ತೀನಿ ಅಷ್ಟೆ," ಅಂದ. ಮೆಕ್ಯಾನಿಕ್ಕುಗಳ ಜಾತಿ ಎಲ್ಲ ದೇಶದಲ್ಲೂ ಒಂದೇ.

ಶೋಭಾ ತಾನು ಬಿಗಿದ ಪೈಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದಳು. ಒಂದೂ ಸಡಿಲ ಇರಲಿಲ್ಲ. ಕೊನೆಗೆ ಗಾಳಿ ಫಿಲ್ಟರಿನ ಪೆಟ್ಟಿಗೆ ತೆರೆದಳು. ಫಿಲ್ಟರ್ ಹೊರಗೆ ಬಂತು. ಕಪ್ಪಗೆ, ಜಿಡ್ಡುಜಿಡ್ಡಾಗಿ, ಕೈಗೆ ಅಂಟುವ ಹಾಗೆ. ಅದರ ಮುಂದಿನ ಪೈಪಿನಲ್ಲಿ ಸೆನ್ಸರ್ ಕೂತಿರುವ ಕಡೆಯೂ ಎಣ್ಣೆ.

ಶೋಭಾ ಫಿಲ್ಟರ್ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು. ದಾಯ್ ನಾಲಗೆ ಲೊಚಗುಟ್ಟಿದ.

"ರಿಂಗ್," ಅಂದ. "ಇಂಜಿನ್ ಒಳಗಿನ ಎಣ್ಣೆ ಹೊಗೆ ಜೊತೆ ಹಿಂದಕ್ಕೆ ಹೊಡೆದಿದೆ. ಇಂಜಿನ್ ಮಾಡಿದ್ದು ಯಾರು?"

"ನಾನೇ."

"ರಿಂಗ್ ಸರಿಯಾಗಿ ಕೂತಿಲ್ಲ ತಂಗಿ. ಇಂಜಿನ್ ಇಳಿಸಬೇಕು."

ಅವನ ಹೆಂಡತಿ ಅಷ್ಟರಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟಳು. ಕಾಳುಮೆಣಸು ಹಾಕಿದ್ದಳು, ಗಂಟಲಿಗೆ ಹಿತವಾಗಿತ್ತು. ಶೋಭಾ ಟೀ ಮುಟ್ಟಲಿಲ್ಲ. ಗೌರಮ್ಮನ ಕಡೆ ತಿರುಗಿ, "ಚಿಕ್ಕಮ್ಮ, ಈಗ ಚಿಕ್ಕಪ್ಪಂಗೆ ಫೋನ್ ಮಾಡಿ. ಸಿಮೆಂಟಿನವರಿಗೆ ಹೂಂ ಅನ್ನೋಕೆ ಹೇಳಿ," ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಬೈಯುತ್ತಿದ್ದೆ.

ಆ ಎಣ್ಣೆ ಎಲ್ಲಿಂದ ಬಂತು ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಫಿಲ್ಟರ್ ಹೊರಗೆ ಬಂದ ಕ್ಷಣವೇ ಗೊತ್ತಾಗಿತ್ತು. ಆದರೂ ತಕ್ಷಣ ಬಾಯಿ ಬಿಡಲಿಲ್ಲ. ಭದ್ರಾವತಿಯಲ್ಲಿ ಇವತ್ತಿಗೂ ಹಳೇ ಡ್ರೈವರುಗಳು ಗಿರಿಜಮ್ಮನ, ಅಂದರೆ ನನ್ನ, ಕೈ ಮುಟ್ಟಿದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಗೌರಮ್ಮ ಎದುರಿಗೇ ಇದ್ದಾಳೆ, ಊರಿಗೆಲ್ಲ ಹೇಳುತ್ತಾಳೆ. ಪರದೇಶದ ಗಂಡಸು ಬೇರೆ ನಿಂತಿದ್ದಾನೆ. ಲೋಟದಲ್ಲಿದ್ದ ಟೀ ಪೂರ್ತಿ ಕುಡಿದೆ. ಸುಮ್ಮನಿದ್ದು ಕುಡಿದೆ. ಇದನ್ನು ಮುಚ್ಚಿಟ್ಟು ಬರೆದು ಪ್ರಯೋಜನವಿಲ್ಲ.

ಲೋಟ ಕೆಳಗಿಟ್ಟು ಹೇಳಿದೆ, "ರಿಂಗೂ ಅಲ್ಲ, ಏನೂ ಅಲ್ಲ. ಆ ಎಣ್ಣೆ ಹಚ್ಚಿದ್ದು ನಾನು."

ಶೋಭಾ ತಲೆ ಎತ್ತಿದಳು. "ಏನು?"

"ಹೊರಡೋ ದಿವ್ಸ ಬೆಳಿಗ್ಗೆ. ನೀನು ಸ್ನಾನಕ್ಕೆ ಹೋಗಿದ್ದಾಗ. ಧೂಳು ಅಂಟ್ಕೊಳ್ಳಲಿ ಅಂತ ಹಚ್ಚಿದೆ."

"ಪೇಪರ್ ಫಿಲ್ಟರಿಗಾ? ಅಮ್ಮಾ, ಇದು ಲಾರಿಯ ಎಣ್ಣೆ ಬಟ್ಟಲಲ್ಲ! ಇದಕ್ಕೆ ಎಣ್ಣೆ ಹಚ್ಚಿದ್ರೆ ಗಾಳಿ ಜೊತೆ ಹೋಗಿ ಸೆನ್ಸರಿಗೆ ಮೆತ್ಕೊಳ್ಳುತ್ತೆ. ಒಂದು ಮಾತು ಕೇಳಬಾರದಿತ್ತಾ ನನ್ನ?"

"ನಲವತ್ತು ವರ್ಷ ಯಾರನ್ನೂ ಕೇಳಿರಲಿಲ್ಲ. ಅಭ್ಯಾಸ ಇಲ್ಲ."

ಗೌರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾರಾಯ್ತಿ, ಅದನ್ನ ನಿನ್ನ ತಲೆಗೆ ಹಚ್ಕೊಂಡಿದ್ರೆ ತಂಪಾದ್ರೂ ಆಗ್ತಿತ್ತು!"

ದಾಯ್ ನಂಬಲಿಲ್ಲ. ತಾಯಿ ಮಗಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡ. ನಿಜ ಹೇಳಬೇಕೆಂದರೆ ಶೋಭಾಳ ಕಣ್ಣಲ್ಲೂ ಅದೇ ಇತ್ತು. ಇಲ್ಲಿ ನನಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳುವುದೇ ಕಷ್ಟ. ಒಪ್ಪಿಕೊಂಡ ಮೇಲೂ ನಂಬದಿದ್ದರೆ ಏನು ಮಾಡುವುದು? ಫಿಲ್ಟರ್ ಕಸಿದುಕೊಂಡು ಮಡಿಕೆ ಬಿಡಿಸಿದೆ. ಮೇಲೆಲ್ಲ ಧೂಳು ಕೂತು ಕಪ್ಪಾಗಿತ್ತು. ಮಡಿಕೆಯ ತಳಕ್ಕೆ ನನ್ನ ಬಿಳಿ ಕರವಸ್ತ್ರದ ತುದಿ ತೂರಿಸಿ ಒತ್ತಿ ತೆಗೆದೆ. ಹಳದಿ ಬಣ್ಣದ ಚೊಕ್ಕ ಎಣ್ಣೆ.

"ಇದನ್ನ ನೋಡು," ಎಂದು ದಾಯ್ ಮೂಗಿನ ಹತ್ತಿರ ಹಿಡಿದೆ. "ಓಡಿದ ಡೀಸೆಲ್ ಇಂಜಿನ್ನಿನ ಎಣ್ಣೆ ಯಾವತ್ತಾದ್ರೂ ಹಳದಿ ಇರುತ್ತಾ? ಕಾಡಿಗೆ ಥರ ಇರುತ್ತೆ. ಇದು ಡಬ್ಬದಿಂದ ಬಂದ ಎಣ್ಣೆ. ಇಂಜಿನ್ನಿಂದ ಬಂದದ್ದಲ್ಲ."

ಅವನು ವಾಸನೆ ನೋಡಿದ. ಬೆರಳಲ್ಲಿ ಮುಟ್ಟಿ ತಿಕ್ಕಿದ. ಶನಿವಾರ ಎನ್ನುವುದು ಆಗಲೇ ಮರೆತುಹೋಗಿತ್ತು. ಆಮೇಲೆ ಶೋಭಾಳಿಗೆ ಹೇಳಿದ, "ತಂಗಿ, ಇಂಜಿನ್ ಶುರು ಮಾಡಿ, ಎಣ್ಣೆ ಹಾಕೋ ಬಾಯಿ ಮುಚ್ಚಳ ತಿರುಗಿಸಿ ತೆಗೆದು, ಹಾಗೇ ಬಾಯಿ ಮೇಲೆ ಬೋರಲು ಇಡು."

ಇದು ನಮ್ಮ ಯಜಮಾನರೂ ಮಾಡುತ್ತಿದ್ದ ಪರೀಕ್ಷೆ. ರಿಂಗ್ ಕೆಟ್ಟಿದ್ದರೆ ಒಳಗಿನ ಹೊಗೆ ನುಗ್ಗಿ ಬಂದು ಮುಚ್ಚಳವನ್ನು ಎತ್ತಿ ಎಸೆಯುತ್ತದೆ. ಅದಕ್ಕೆ ಯಾವ ಮಿಷಿನ್ನೂ ಬೇಡ.

ಶೋಭಾ ಮುಚ್ಚಳ ಬೋರಲು ಇಟ್ಟು ಕೈ ತೆಗೆದಳು. ನಾವು ನಾಲ್ವರೂ, ದಾಯ್ ಹೆಂಡತಿಯೂ, ಬಗ್ಗಿ ಅದನ್ನೇ ನೋಡಿದೆವು. ಇಂಜಿನ್ ಓಡುತ್ತಿತ್ತು. ಮುಚ್ಚಳ ಸಣ್ಣಗೆ ನಡುಗಿತು. ಎದ್ದೇಳಲಿಲ್ಲ. ಶೋಭಾ ಗಾಡಿಯೊಳಗೆ ಹೋಗಿ ಆಕ್ಸಿಲರೇಟರ್ ಒತ್ತಿದಳು. ಆಗಲೂ ಎದ್ದೇಳಲಿಲ್ಲ. ಹೊಗೆಯ ಎಳೆ ಕೂಡ ಇರಲಿಲ್ಲ. ಮುಚ್ಚಳ ಕೂತಲ್ಲೇ ಕೂತಿತ್ತು.

"ರಿಂಗ್ ಚೆನ್ನಾಗಿ ಕೂತಿದೆ," ಅಂದ ದಾಯ್. ನಂತರ ನನ್ನ ಕಡೆ ನೋಡಿ, "ಇಂಥ ಇಂಜಿನ್ ಮಾಡೋಕೆ ನನ್ನ ಗ್ಯಾರೇಜಲ್ಲಿ ಒಬ್ಬನಿಗೂ ಬರಲ್ಲ ಆಮಾ," ಅಂದ.

ನಾನು ಹೂಂ ಅಂದೆ. ಹೊಗಳಿಕೆಗೆ ನಾನು ಎಂದೂ ಅಡ್ಡ ಹೇಳಿದವಳಲ್ಲ. ಶೋಭಾ ಮಾತ್ರ ಸಂಜೆ ತನಕ ನನ್ನ ಜೊತೆ ಮಾತಾಡಲಿಲ್ಲ. ತಣ್ಣಗಾದ ಟೀ ಕುಡಿದು, ಎಲ್ಲ ಪೈಪು ತಿರುಗಿ ಬಿಗಿದಳು. ಈ ಸಲ ಸಿಳ್ಳೆ ಹಾಕುತ್ತ ಬಿಗಿದಳು. ನನಗೆ ಅಷ್ಟು ಸಾಕಾಗಿತ್ತು.

ಬರ್ದಘಾಟ್, ಭಾನುವಾರ

ಭಾನುವಾರ ಅಲ್ಲಿ ಮಾಮೂಲು ಕೆಲಸದ ದಿನ. ಸ್ಪೇರ್ ಅಂಗಡಿಯಲ್ಲಿ ಹೊಸ ಫಿಲ್ಟರ್ ಸಿಕ್ಕಿತು. ಸೆನ್ಸರ್ ತೊಳೆಯುವ ಸ್ಪ್ರೇ ಸಿಗಲಿಲ್ಲ. ಹೊಸ ಸೆನ್ಸರ್ ಕಠ್ಮಂಡುವಿನಿಂದ ಬರಬೇಕು, ಮೂರು ದಿನ ಬೇಕು ಅಂದರು. ಶೋಭಾ ಸುಮ್ಮನೆ ಒಂದು ಸುತ್ತು ಬೀದಿ ನೋಡಿದಳು, ನೇರ ಮೊಬೈಲ್ ರಿಪೇರಿ ಅಂಗಡಿಗೆ ಹೊಕ್ಕಳು. ನೀರಿಗೆ ಬಿದ್ದ ಫೋನ್ ತೊಳೆಯಲು ಅವರು ಒಂದು ಸ್ಪ್ರೇ ಇಟ್ಟುಕೊಂಡಿರುತ್ತಾರೆ. ಎಣ್ಣೆ ಬಿಡಿಸುತ್ತದೆ, ಬೇಗ ಆರುತ್ತದೆ, ವೈರು ಕೆಡಿಸುವುದಿಲ್ಲ. ಅಂಗಡಿಯವನು ಡಬ್ಬ ಕೊಡುವಾಗ, "ಫೋನ್ ಎಲ್ಲಿ?" ಅಂದ. ಶೋಭಾ ಗಾಡಿ ತೋರಿಸಿದಳು. ಅವನು ಅಂಗಡಿ ಬಿಟ್ಟು ನೋಡಲು ಬಂದ.

ಸೆನ್ಸರ್ ಬಿಚ್ಚಿದರೆ ಒಳಗೆ ಕೂದಲಿಗಿಂತ ಸಣ್ಣ ತಂತಿ. ಅದಕ್ಕೆ ಎಣ್ಣೆಯ ಪರೆ. ಬಯಲಿನಲ್ಲಿ ನಾಲ್ಕು ದಿನ ಸ್ವಲ್ಪಸ್ವಲ್ಪವೇ ಮೆತ್ತಿಕೊಂಡಿತ್ತು, ಏರಿನಲ್ಲಿ ಗಾಳಿ ಜಾಸ್ತಿ ಎಳೆದಾಗ ಬಯಲಾಯಿತು ಎಂದು ಶೋಭಾ ಹೇಳಿದಳು. ದಾಯ್ ಬಟ್ಟೆ ಹಿಡಿದು ಒರೆಸಲು ಬಂದ.

"ಮುಟ್ಟಬೇಡಿ ದಾಯ್! ಬೆರಳು ತಾಗಿದ್ರೂ ತುಂಡಾಗುತ್ತೆ. ಬರೀ ಸ್ಪ್ರೇ. ಆಮೇಲೆ ಒಣಗೋ ತನಕ ಕಾಯಬೇಕು."

ಶನಿವಾರ ಮುಟ್ಟುವುದಿಲ್ಲ ಎಂದವನಿಗೆ ಭಾನುವಾರವೂ ಮುಟ್ಟಲು ಸಿಗಲಿಲ್ಲ. ಅವನ ಹತ್ತಿರವೂ ಒಂದು ಸ್ಕ್ಯಾನರ್ ಇತ್ತು. ಕೋಡ್ ಬಂದರೆ ಆ ಹೆಸರಿನ ಪಾರ್ಟ್ ಬದಲಾಯಿಸುವುದು ಅವನ ಪದ್ಧತಿ. ಶೋಭಾ ಪರದೆಯ ಮೇಲೆ ಓಡುವ ಗಾಳಿಯ ಲೆಕ್ಕ ಹೇಗೆ ನೋಡುವುದು, ಆಕ್ಸಿಲರೇಟರ್ ಒತ್ತಿದಾಗ ಎಷ್ಟಕ್ಕೆ ಏರಬೇಕು ಎಂದು ಅವನಿಗೆ ಹೇಳಿಕೊಟ್ಟಳು. ಅವನು ಸೀಮೆಸುಣ್ಣ ತಂದು ಗೋಡೆಯ ಮೇಲೆ ಅವರ ಲಿಪಿಯಲ್ಲಿ ಬರೆದುಕೊಂಡ. ಗೋಡೆಯ ಮೇಲೆ ಅದೊಂದೇ ಬರಹ, ಪಕ್ಕದಲ್ಲಿ ದೇವರ ಪಟ. ನಮ್ಮ ಶಿವಮೊಗ್ಗದಲ್ಲಿ ಯಾವ ಗಂಡಸೂ ಅವಳ ಮಾತನ್ನು ಗೋಡೆಗೆ ಬರೆದುಕೊಂಡಿಲ್ಲ. ಬರೆದುಕೊಳ್ಳಲು ಪರದೇಶದವನು ಬೇಕಾಯಿತು.

ಎಲ್ಲ ಕೂರಿಸಿದ ಮೇಲೆ ಹಳೇ ಕೋಡ್ ಅಳಿಸಬೇಕು. ಶೋಭಾ ಸ್ಕ್ಯಾನರ್ ತಂದು ನನ್ನ ತೊಡೆಯ ಮೇಲಿಟ್ಟಳು. ಆ ದಿನ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಹತ್ತಿಸಿದ್ದು ನೀನು. ನೀನೇ ಆರಿಸು. ಈ ಬಟನ್ ಒತ್ತು."

ಒತ್ತಿದೆ. ಪರದೆ ಖಾಲಿಯಾಯಿತು. ಟೀ ಕೆಟ್ಲು ಆರಿಹೋಯಿತು.

ಮುಗ್ಲಿಂಗ್ ದಾರಿ

ಮತ್ತೆ ದೌನ್ನೆ ಏರು. ಮೂರನೇ ತಿರುವು ಬಂತು. ಗೌರಮ್ಮ ಶಿವ ಶಿವ ಎನ್ನುತ್ತ ಡ್ಯಾಶ್‌ಬೋರ್ಡನ್ನೇ ನೋಡುತ್ತಿದ್ದಳು. ಗಾಡಿ ಎರಡು ಲಾರಿಗಳನ್ನು ಹಿಂದೆ ಹಾಕಿ ಮೇಲೆ ಹತ್ತಿತು.

ಬಯಲಿಗೆ ಇಳಿದ ಮೇಲೆ ರಸ್ತೆ ಪಕ್ಕ ಘೇಂಡಾಮೃಗದ ಚಿತ್ರದ ಬೋರ್ಡು. ಕಾಡಿನಿಂದ ಎದ್ದು ಊರೊಳಗೇ ಬರುತ್ತದಂತೆ. ನಮ್ಮ ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ಬೇಲಿಯೊಳಗೆ, ಜನ ಹೊರಗೆ. ಇಲ್ಲಿ ಪ್ರಾಣಿ ಹೊರಗೆ, ಜನವೇ ಬೇಲಿಯೊಳಗೆ. ಆಮೇಲೆ ನಾರಾಯಣಿ ನದಿ. ಗಾಜನೂರಿನ ಅಣೆಕಟ್ಟಿನ ನೀರು ನೋಡಿದವಳಿಗೆ ನೀರು ಹೊಸದಲ್ಲ. ಆದರೆ ಇದು ಕಟ್ಟಿ ಹಾಕದೆಯೇ ಅಷ್ಟು ಅಗಲ ಇತ್ತು. ಅದನ್ನು ಒಪ್ಪಬೇಕು.

ಮುಗ್ಲಿಂಗ್ ಕಡೆ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಪ್ರಪಾತ. ಅಲ್ಲಿನ ಲಾರಿಗಳ ಹಿಂದೆ ಹೂವು, ಕಣ್ಣು, ಪ್ರೇಮದ ಮಾತು, ಎಲ್ಲ ಬರೆದಿರುತ್ತದೆ. ಡ್ರೈವರುಗಳು ತಿರುವಿನಲ್ಲಿ ಹಾಡಿನ ಹಾರ್ನ್ ಹಾಕುತ್ತಾರೆ, ಆದರೆ ದಾರಿ ಬಿಡುತ್ತಾರೆ. ನಮ್ಮಲ್ಲಿ ಹಾರ್ನ್ ಹಾಕುವುದೇ ದಾರಿ ಬಿಡದಿರಲು.

ಕಠ್ಮಂಡು

ಪಶುಪತಿನಾಥನ ದರ್ಶನ ಆಯಿತು. ಗೌರಮ್ಮ ಏನೇನು ಕೇಳಿಕೊಂಡಳೋ, ಬಹಳ ಹೊತ್ತು ಬೇಕಾಯಿತು. ನಾನು ಏನೂ ಕೇಳಲಿಲ್ಲ. ನನಗೆ ಬೇಕಾದದ್ದು ಬರ್ದಘಾಟಿನಲ್ಲೇ ಸಿಕ್ಕಿತ್ತು.

ಹೊರಗೆ ಚಪ್ಪಲಿ ಬಿಡುವ ಕಡೆ ದಾವಣಗೆರೆಯಿಂದ ಬಂದ ಒಂದು ಗುಂಪು ಸಿಕ್ಕಿತು. ಕನ್ನಡ ಕೇಳಿ ಗೌರಮ್ಮನೇ ಹೋಗಿ ಮಾತಾಡಿಸಿದಳು. ಅವರಲ್ಲೊಬ್ಬ ಹಿರಿಯರು ನನ್ನನ್ನು ಕೇಳಿದರು, "ನೀವು ಯಾವ ಟೂರಿನವರ ಜೊತೆ ಬಂದ್ರಿ ಅಮ್ಮ? ರೈಲಾ, ಬಸ್ಸಾ?"

"ಭದ್ರಾವತಿಯಿಂದ ಗಾಡೀಲಿ."

"ಅಷ್ಟು ದೂರಾನಾ! ಹೊಸ ಗಾಡಿನಾ?"

"ಹಳೇದು. ಇಂಜಿನ್ ಹೊಸದಾಗಿ ಕಟ್ಟಿದ್ದು."

"ಎಲ್ಲಿ ಮಾಡ್ಸಿದ್ರಿ?"

"ನಮ್ಮ ಶೆಡ್ಡಲ್ಲಿ. ಮಾಡಿದೋಳು ಅಗೋ, ಚಪ್ಪಲಿ ಹಾಕ್ಕೊಳ್ತಿದಾಳಲ್ಲ, ಅವಳು. ನನ್ನ ಮಗಳು."

ಅವರು ಶೋಭಾಳ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಕಪ್ಪು ಇತ್ತು, ದೇವಸ್ಥಾನಕ್ಕೆ ಎಂದು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅವರ ಹೆಂಡತಿ ಬಂದು ಶೋಭಾಳ ಫೋನ್ ನಂಬರ್ ಬರೆದುಕೊಂಡು ಹೋದರು. ಅವರ ಮನೆಯ ಗಾಡಿಯಲ್ಲೂ ಹಳದಿ ದೀಪ ಹತ್ತಿ ಆರು ತಿಂಗಳಾಗಿದೆಯಂತೆ, ಗಂಡಸರು ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದಾರಂತೆ.

ಮತ್ತೆ ಭದ್ರಾವತಿ

ಹೋದ ಗಾಡಿ ವಾಪಸ್ ಬಂತು. ದೀಪ ಮತ್ತೆ ಹತ್ತಲಿಲ್ಲ. ಮೈದುನ ಬಾಗಿಲಲ್ಲೇ ನಿಂತಿದ್ದ. "ದಾರೀಲಿ ನಿಂತಿತ್ತಂತೆ?" ಅಂದ. ನಾನು ಗೌರಮ್ಮನ ಮುಖ ನೋಡಿದೆ.

"ನಿಂತಿತ್ತು," ಅಂದಳು ಗೌರಮ್ಮ. "ನಿಮ್ಮ ಅತ್ತಿಗೆ ನಿಲ್ಲಿಸಿದ್ಲು, ಶೋಭಾ ಹೊರಡಿಸಿದ್ಲು. ಇಂಜಿನ್ನಿಗೆ ಏನೂ ಆಗಿರ್ಲಿಲ್ಲ. ಮುಚ್ಚಳ ಅಲ್ಲಾಡ್ಲಿಲ್ಲ ರೀ, ನಾನೇ ಕಣ್ಣಾರೆ ನೋಡಿದೀನಿ. ಸಿಮೆಂಟಿನವ್ರಿಗೆ ಬೇರೆ ಕಡೆ ಜಾಗ ನೋಡ್ಕೊಳ್ಳೋಕೆ ಹೇಳಿ."

ಯಾವ ಮುಚ್ಚಳ ಎಂದು ಅವನಿಗೆ ಅರ್ಥವಾಗಲಿಲ್ಲ. ಅದನ್ನು ವಿವರಿಸಲು ಅವಳಿಗೆ ಒಂದು ವಾರ ಹಿಡಿಯಿತು. ಈಗ ಅವಳು ಇಡೀ ಬೀದಿಗೆ ಪಿಸ್ಟನ್ ರಿಂಗಿನ ವಿಷಯ ತಿಳಿಸಿದ್ದಾಳೆ. ನನ್ನ ಎಣ್ಣೆಯ ವಿಷಯವನ್ನೂ ಬಿಟ್ಟಿಲ್ಲ.

ಶೆಡ್ಡು ತೆರೆದಿದೆ. ಶೋಭಾ ಕೆಲಸ ಬಿಟ್ಟು ಬಂದಿದ್ದಾಳೆ. ಶಿವಮೊಗ್ಗದ ಗ್ಯಾರೇಜಿನವರೇ ತಮ್ಮ ಕೈಲಾಗದ ಗಾಡಿಗಳನ್ನು ಇಲ್ಲಿಗೆ ಕಳಿಸುತ್ತಾರೆ, ಶಂಕರಘಟ್ಟದ ಯೂನಿವರ್ಸಿಟಿ ಮೇಷ್ಟ್ರುಗಳು ಬರುತ್ತಾರೆ. ಎಣ್ಣೆ ಹಚ್ಚಿದ ಆ ಫಿಲ್ಟರನ್ನು ನಾನೇ ಒಳಗಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಶೋಭಾ ಬೇಡ ಅಂದಳು. ಇರಲಿ ಅಂದೆ.

ನನಗೂ ಒಂದು ಕೆಲಸ ಕೊಟ್ಟಿದ್ದಾಳೆ. ಗಾಡಿ ಬಂದರೆ ಅವಳು ವೈರು ಸಿಕ್ಕಿಸುತ್ತಾಳೆ, ಕೋಡ್ ಏನು ಎಂದು ಓದುತ್ತಾಳೆ. ನಾನು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಟೀ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತೇನೆ: "ಈ ಬಾನೆಟ್ಟನ್ನ ಕೊನೇ ಸಲ ಎತ್ತಿದ್ದು ಯಾರು? ಏನು ಮಾಡಿದ್ರು?"

"ಯಾರೂ ಇಲ್ಲಮ್ಮ, ಯಾರೂ ಮುಟ್ಟಿಲ್ಲ," ಎನ್ನುತ್ತಾರೆ ಎಲ್ಲರೂ.

ನಾನು ಒತ್ತಾಯ ಮಾಡುವುದಿಲ್ಲ. ಎಷ್ಟು ಹೊತ್ತು ಕಾಯಬೇಕು ಎಂದು ನನಗೆ ಗೊತ್ತು. ಒಂದು ಲೋಟ ಟೀ ಮುಗಿಯುವಷ್ಟು.